ಖೋಡದ್‌ನ ತಂತಿಜಾಲದಲ್ಲಿ ನಕ್ಷತ್ರಗಳ ಜನನ

ಪುಣೆ–ನಾಸಿಕ್ ಹೆದ್ದಾರಿಯಲ್ಲಿ ನಾರಾಯಣಗಾಂವ್ ಹತ್ತಿರ ಒಳದಾರಿ ಹಿಡಿದರೆ ಖೋಡದ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿನ ಹೊಲಗಳ ನಡುವೆ 45 ಮೀಟರ್ ಅಗಲದ ಡಿಶ್‌ಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಹತ್ತಿರದಿಂದ ನೋಡಿದರೆ ಅವುಗಳಲ್ಲಿ ತಗಡೇ ಇಲ್ಲ. ಇರುವುದೆಲ್ಲ ಸಪೂರ ಸ್ಟೀಲ್ ತಂತಿಯ ಜಾಲರಿ, ಆಚೆಗಿನ ಮೋಡವೂ ಅದರೊಳಗಿಂದ ಕಾಣುತ್ತದೆ. ಜಾಲರಿಯ ಕಿಂಡಿಗಳು 10ರಿಂದ 20 ಮಿಲಿಮೀಟರ್. ಹಿಡಿಯಬೇಕಾದ ರೇಡಿಯೊ ಅಲೆಗಳೋ ಇಪ್ಪತ್ತು ಸೆಂಟಿಮೀಟರಿಗಿಂತ ಉದ್ದ. ಹಾಗಾಗಿ ಗಾಳಿ ತೂರಿ ಹೋಗುತ್ತದೆ, ಅಲೆ ಮಾತ್ರ ಪುಟಿದು ಮೇಲಿನ ಗ್ರಾಹಕವನ್ನು ಸೇರುತ್ತದೆ. ಡಿಶ್ ಹಗುರ, ಖರ್ಚೂ ಕಡಿಮೆ. ರೇಡಿಯೊ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಕಟ್ಟಿದ ಈ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಲ್ಲಿ ಇಂಥ 30 ಡಿಶ್‌ಗಳಿವೆ. ಹದಿನಾಲ್ಕು ಒಂದೆಡೆ ಗುಂಪಾಗಿವೆ, ಉಳಿದವು ಮೂರು ದಿಕ್ಕಿಗೆ ಚಾಚಿಕೊಂಡಿವೆ.

ದೂರದ ಗ್ಯಾಲಕ್ಸಿಯೊಂದರಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತವೆ ಎಂದು ತಿಳಿಯಲು ಈ ರೇಡಿಯೊ ಅಲೆಗಳೇ ಬೇಕೆ? ಬೇಕು. ನಕ್ಷತ್ರ ಹುಟ್ಟುವುದು ದಟ್ಟ ಧೂಳಿನ ಮಧ್ಯೆ. ಎಳೆಯ ತಾರೆಗಳ ನೀಲಿ, ಅತಿನೇರಳೆ ಬೆಳಕನ್ನು ಆ ಧೂಳು ನುಂಗಿಬಿಡುತ್ತದೆ. ರೇಡಿಯೊ ಅಲೆಗೆ ಧೂಳಿನ ತಡೆಯಿಲ್ಲ.

ಆದರೆ ಈ ಅಲೆಗಳು ಹೆಚ್ಚಾಗಿ ಹೇಳುವುದು ಹುಟ್ಟನ್ನಲ್ಲ, ಸಾವನ್ನು. ಸೂರ್ಯನ ಎಂಟು ಪಟ್ಟಿಗಿಂತ ಭಾರವಾದ ನಕ್ಷತ್ರ ಕೆಲವೇ ಕೋಟಿ ವರ್ಷಗಳಲ್ಲಿ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಸೂರ್ಯನ ಆಯಸ್ಸು ಸುಮಾರು ಸಾವಿರ ಕೋಟಿ ವರ್ಷ. ಅದಕ್ಕೆ ಹೋಲಿಸಿದರೆ ಇದು ಕಣ್ಣು ಮಿಟುಕಿಸಿದಷ್ಟೇ ಹೊತ್ತು. ಸಿಡಿತದ ಆಘಾತಕ್ಕೆ ಎಲೆಕ್ಟ್ರಾನುಗಳು ಬೆಳಕಿನ ವೇಗದ ಸಮೀಪಕ್ಕೆ ಏರಿ, ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೊ ಅಲೆ ಹೊಮ್ಮಿಸುತ್ತವೆ. ಸತ್ತವರು ಮೊನ್ನೆ ಮೊನ್ನೆ ಹುಟ್ಟಿದವರೇ ಆದ್ದರಿಂದ, ರೇಡಿಯೊ ಹೊಳಪು ಹೆಚ್ಚಿದ್ದಲ್ಲಿ ಜನನದ ದರವೂ ಹೆಚ್ಚು. ನಂಬಿಕೆಗೆ ಇನ್ನೊಂದು ಆಧಾರವೂ ಇದೆ: ಎಳೆಯ ತಾರೆಗಳಿಂದ ಬಿಸಿಯಾದ ಧೂಳು ಸೂಸುವ ಅವಕೆಂಪು ಬೆಳಕು ಮತ್ತು ಈ ರೇಡಿಯೊ ಹೊಳಪು ಗ್ಯಾಲಕ್ಸಿಯಿಂದ ಗ್ಯಾಲಕ್ಸಿಗೆ ಒಟ್ಟೊಟ್ಟಿಗೇ ಏರಿಳಿಯುತ್ತವೆ. ಐರಾಸ್ ಉಪಗ್ರಹದ ಮಾಹಿತಿಯಿಂದ 1985ರಲ್ಲೇ ಇದು ಗಟ್ಟಿಯಾಯಿತು. ಎಚ್ಚರ ತಪ್ಪಬಾರದ ಜಾಗವೂ ಒಂದಿದೆ. ಗ್ಯಾಲಕ್ಸಿಯ ನಡುವಿನ ದೈತ್ಯ ಕಪ್ಪುಕುಳಿ ಅನಿಲ ನುಂಗುತ್ತಿದ್ದರೆ ಅದೂ ಜೋರಾಗಿ ರೇಡಿಯೊ ಅಲೆ ಉಗುಳಬಹುದು. ಅಂಥ ಗ್ಯಾಲಕ್ಸಿಗಳನ್ನು ಮೊದಲೇ ಆರಿಸಿ ತೆಗೆಯಬೇಕು.

ಈ ವಿದ್ಯೆಯ ಸೊಗಸು ಕಂಡದ್ದು 2020ರಲ್ಲಿ. ಜಿಎಂಆರ್‌ಟಿಯನ್ನು ನಡೆಸುವ ಪುಣೆಯ ಎನ್‌ಸಿಆರ್‌ಎ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 7,653 ಗ್ಯಾಲಕ್ಸಿಗಳನ್ನು ಒಟ್ಟಿಗೆ ಅಳೆದರು. ಅವುಗಳ ಬೆಳಕು ಹೊರಟು ಸುಮಾರು 800 ಕೋಟಿ ವರ್ಷ ಕಳೆದಿತ್ತು. ನಕ್ಷತ್ರಗಳ ಕಚ್ಚಾವಸ್ತುವಾದ ಹೈಡ್ರೊಜನ್ ಅನಿಲ ಸೂಸುವ 21 ಸೆಂಟಿಮೀಟರ್ ಅಲೆ ವಿಶ್ವದ ಹಿಗ್ಗುವಿಕೆಯಿಂದ ಇಲ್ಲಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಇಮ್ಮಡಿ ಉದ್ದವಾಗಿತ್ತು. ಒಂದೊಂದು ಗ್ಯಾಲಕ್ಸಿಯ ಸದ್ದು ಗದ್ದಲದಲ್ಲಿ ಮುಳುಗಿಹೋಗುವಷ್ಟು ಕ್ಷೀಣ. ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿದಾಗ ಗದ್ದಲ ತಗ್ಗಿ ಸಂಕೇತ ಮೇಲೆದ್ದಿತು. ಅದೇ ಗ್ಯಾಲಕ್ಸಿಗಳ ರೇಡಿಯೊ ಹೊಳಪನ್ನೂ ಹೀಗೆಯೇ ಪೇರಿಸಿ ನಕ್ಷತ್ರ ಜನನದ ದರ ಪಡೆದರು. ಎರಡನ್ನೂ ಎದುರುಬದುರು ಇಟ್ಟಾಗ ಗೊತ್ತಾದದ್ದು: ಅಂದಿನ ವೇಗದಲ್ಲಿ ನಕ್ಷತ್ರ ಕಟ್ಟುತ್ತ ಹೋದರೆ ಆ ಅನಿಲ 100–200 ಕೋಟಿ ವರ್ಷಕ್ಕೆ ಮುಗಿಯುತ್ತಿತ್ತು. ಹೊರಗಿನಿಂದ ಹೊಸ ಅನಿಲ ಸಾಕಷ್ಟು ಬಾರದಿದ್ದರೆ ನಕ್ಷತ್ರ ಜನನ ಇಳಿಮುಖವಾಗಲೇಬೇಕು. ವಿಶ್ವದಲ್ಲಿ ಆದದ್ದೂ ಅದೇ ಇಳಿಕೆ.

ಇಷ್ಟಾಗಿಯೂ ಇದು ಸರಾಸರಿಯ ಮಾತು. ಸಾವಿರಾರು ಗ್ಯಾಲಕ್ಸಿಗಳಲ್ಲಿ ಯಾವುದು ಹಸಿದಿತ್ತು, ಯಾವುದು ತುಂಬಿಕೊಂಡಿತ್ತು ಎಂದು ಪೇರಿಸಿದ ಚಿತ್ರ ಹೇಳಲಾರದು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ, ಭಾರತವೂ ಪಾಲುಗೊಂಡಿರುವ ಎಸ್‌ಕೆಎ ದೂರದರ್ಶಕದಿಂದ ನಾನು ಎಲ್ಲಕ್ಕಿಂತ ಮೊದಲು ಕಾಯುತ್ತಿರುವುದು, ಒಂದೊಂದನ್ನೂ ಬಿಡಿಬಿಡಿಯಾಗಿ ಅಳೆಯುವ ಆ ಕೆಲಸಕ್ಕೆ.