ರೀಲ್ಸ್‌ನಲ್ಲಿ ಹೆಸರು ಮಾಡಿದವರು ಓಟಿಗೆ ನಿಂತರೆ



ಕಳೆದ ಮಾಸಿಕ ಸಭೆಯಲ್ಲಿ ವರದಿ, ಲೆಕ್ಕಪತ್ರ ಎಲ್ಲ ಮುಗಿದು ಕಾಫಿ ಬರುವ ಹೊತ್ತಿಗೆ ಯುವ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. "ಸರ್, ಗಡಿನಾಡ ಕನ್ನಡಿಗರ ಕಷ್ಟದ ಬಗ್ಗೆ ಯೂಟ್ಯೂಬ್‌ನಲ್ಲಿ ಚೆನ್ನಾಗಿ ಮಾತಾಡುವವರಿದ್ದಾರೆ. ಲಕ್ಷಗಟ್ಟಲೆ ಜನ ನೋಡುತ್ತಾರೆ. ಅಂಥವರನ್ನೇ ಚುನಾವಣೆಗೆ ನಿಲ್ಲಿಸಿದರೆ ಏನು?" ಹಿರಿಯರು ಕೆಲವರು ನಕ್ಕರು. ನಮಗೆ ಅದು ನಗುವ ಪ್ರಶ್ನೆ ಅನ್ನಿಸಲಿಲ್ಲ. ಅಂದು ಸಮಯ ಸಾಲಲಿಲ್ಲ, ಆದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಸಂಘ ಯಾವ ಪಕ್ಷದ್ದೂ ಅಲ್ಲ ಎಂಬುದು ತಮಗೆ ಗೊತ್ತೇ ಇದೆ. ಯಾರಿಗೆ ಓಟು ಹಾಕಬೇಕೆಂದು ನಾವು ಹೇಳುವುದಿಲ್ಲ.

ಮೊದಲು ಲೆಕ್ಕ ನೋಡೋಣ

2024ರ ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯಲ್ಲಿ ಮುಂಬಯಿಯ ವರ್ಸೋವಾ ಕ್ಷೇತ್ರದಿಂದ ನಟ ಏಜಾಜ್ ಖಾನ್ ಸ್ಪರ್ಧಿಸಿದ್ದರು. ಇನ್‌ಸ್ಟಾಗ್ರಾಮ್‌ನಲ್ಲಿ ಅವರಿಗೆ ಸುಮಾರು 56 ಲಕ್ಷ ಫಾಲೋವರ್‌ಗಳು. ಬಿದ್ದ ಓಟು 155. ಅದೇ ಕ್ಷೇತ್ರದಲ್ಲಿ 'ನೋಟಾ'ಕ್ಕೇ ಸಾವಿರಕ್ಕೂ ಹೆಚ್ಚು ಓಟು ಬಿದ್ದಿತ್ತು. ಕಾರಣ ಸರಳ. ಫಾಲೋವರ್‌ಗಳು ದೇಶದ ತುಂಬ ಹರಡಿರುತ್ತಾರೆ, ಓಟು ಹಾಕುವವರು ಮಾತ್ರ ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು. ಲೈಕ್ ಒತ್ತಲು ಕುರ್ಚಿಯಿಂದ ಏಳಬೇಕಿಲ್ಲ. ಓಟಿಗೆ ಬಿಸಿಲಲ್ಲಿ ಸಾಲು ನಿಲ್ಲಬೇಕು.

ಹಾಗಂತ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ತೆಲಂಗಾಣದ ಸದಸ್ಯರಿಗೆ 'ಬರ್ರೆಲಕ್ಕ' ನೆನಪಿರಬಹುದು. ಓದಿದರೂ ಕೆಲಸ ಸಿಗಲಿಲ್ಲ, ಅದಕ್ಕೇ ಎಮ್ಮೆ ಕಾಯುತ್ತಿದ್ದೇನೆ ಎಂದು ವಿಡಿಯೊ ಮಾಡಿ ಹೆಸರಾದ ಹೆಣ್ಣುಮಗಳು ಶಿರೀಷಾ. 2023ರಲ್ಲಿ ಕೊಲ್ಲಾಪುರದಿಂದ ಪಕ್ಷೇತರರಾಗಿ ನಿಂತು ಐದು ಸಾವಿರಕ್ಕೂ ಹೆಚ್ಚು ಓಟು ಪಡೆದರು. ಗೆಲ್ಲಲಿಲ್ಲ. ಆದರೆ ಪಕ್ಷ, ದುಡ್ಡು ಎರಡೂ ಇಲ್ಲದವರಿಗೆ ಅಷ್ಟು ಓಟು ಸಣ್ಣದಲ್ಲ. ಆಕೆ ಆ ಊರಿನವರೇ, ಎತ್ತಿದ್ದು ನಿರುದ್ಯೋಗದ ನಿಜವಾದ ಪ್ರಶ್ನೆ.

ಗೆದ್ದವರೂ ಇದ್ದಾರೆ. ಸೈಪ್ರಸ್ ದ್ವೀಪದ ಯೂಟ್ಯೂಬರ್ ಫಿಡಿಯಾಸ್ ಪನಯೋಟು, ರಾಜಕೀಯದ ಬಗ್ಗೆ ತನಗೆ ಹೆಚ್ಚು ಗೊತ್ತಿಲ್ಲ ಎಂದು ತಾವೇ ಹೇಳಿಕೊಂಡರೂ 2024ರಲ್ಲಿ ಶೇ. 19ಕ್ಕೂ ಹೆಚ್ಚು ಓಟು ಪಡೆದು ಯುರೋಪಿನ ಸಂಸತ್ತಿಗೆ ಹೋದರು. ಅಲ್ಲಿ ಇಡೀ ದೇಶವೇ ಒಂದು ಕ್ಷೇತ್ರ. ಹಳೆಯ ಪಕ್ಷಗಳ ಮೇಲೆ ಜನಕ್ಕೆ ಬೇಸರವೂ ಇತ್ತು.

ಹಿಂದೆ ಸಿನಿಮಾ, ಈಗ ಫೋನು

ನಮ್ಮ ಆದೋನಿ, ರಾಯದುರ್ಗ, ಮಡಕಶಿರಾ ಕಡೆಯವರಿಗೆ ಇದೇನೂ ಹೊಸದಲ್ಲ. ಎನ್.ಟಿ.ರಾಮರಾವ್ 1982ರ ಮಾರ್ಚಿಯಲ್ಲಿ ಪಕ್ಷ ಕಟ್ಟಿ 1983ರ ಜನವರಿಯಲ್ಲಿ ಮುಖ್ಯಮಂತ್ರಿಯಾದರು. ತೆರೆಯ ಮೇಲಿನ ಕೃಷ್ಣನ ವೇಷವೊಂದೇ ಅದಕ್ಕೆ ಕಾರಣವಲ್ಲ. ವ್ಯಾನಿನಲ್ಲಿ ಹಳ್ಳಿಹಳ್ಳಿ ಸುತ್ತಿದರು, ಎರಡು ರೂಪಾಯಿಗೆ ಕಿಲೋ ಅಕ್ಕಿ ಎಂಬ ಸ್ಪಷ್ಟ ಮಾತು ಕೊಟ್ಟರು. ಚಿರಂಜೀವಿಯವರ ಸಭೆಗಳಿಗೂ ಜನಸಾಗರವೇ ಬಂತು, ಆದರೆ 2009ರಲ್ಲಿ 294 ಸ್ಥಾನಗಳ ಪೈಕಿ ಅವರ ಪಕ್ಷಕ್ಕೆ ಸಿಕ್ಕಿದ್ದು 18. ಪವನ್ ಕಲ್ಯಾಣ್ 2019ರಲ್ಲಿ ನಿಂತ ಎರಡೂ ಕಡೆ ಸೋತರು. ಐದು ವರ್ಷ ಬಿಡದೆ ಓಡಾಡಿ, ಮೈತ್ರಿ ಮಾಡಿಕೊಂಡು, 2024ರಲ್ಲಿ ಪಕ್ಷ ನಿಂತ 21 ಸ್ಥಾನಗಳನ್ನೂ ಗೆದ್ದುಕೊಂಡರು. ಹೆಸರು ಬಾಗಿಲು ತೆರೆಸುತ್ತದೆ, ಒಳಗೆ ಕೂರಿಸುವುದು ಓಡಾಟ.

ಗೆದ್ದ ಮೇಲಿನ ಕೆಲಸ

ನಾವು ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಶಾಸಕರ ಪತ್ರ ಟಪಾಲಿನಲ್ಲಿ ಬಂದಾಗ ಏನಾಗುತ್ತದೆಂದು ಕಂಡಿದ್ದೇವೆ. ಪತ್ರದಲ್ಲಿ ಆದೇಶದ ಸಂಖ್ಯೆ, ದಿನಾಂಕ, ಖಾಲಿ ಹುದ್ದೆಯ ವಿವರ ಇದ್ದರೆ ಕಡತ ಮೇಲೆ ಹೋಗುತ್ತದೆ. "ಕೂಡಲೇ ಕ್ರಮ ಕೈಗೊಳ್ಳಿ" ಎಂದಷ್ಟೇ ಇದ್ದರೆ ಮೇಜಿನ ಮೇಲೇ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದಾಗ ಸಂಘದಿಂದ ಮನವಿ ಕೊಟ್ಟಿದ್ದೆವು. ಹುಡುಗನೊಬ್ಬ ಅದರ ವಿಡಿಯೊ ಮಾಡಿ ಹಾಕಿದ. ಸಾವಿರಾರು ಜನ ಹಂಚಿದರು. ಅಲ್ಲಿಯವರೆಗೆ ನಮ್ಮ ಫೋನ್ ಎತ್ತದ ಕಚೇರಿಯವರು ಅಂದು ತಾವೇ ಫೋನ್ ಮಾಡಿದರು. ವಿಡಿಯೊದ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಾರ ಕಳೆದಾಗ ಎಲ್ಲರೂ ಮರೆತರು. ಸ್ವೀಕೃತಿ ಸಂಖ್ಯೆ ಬರೆದಿಟ್ಟುಕೊಂಡು, ನಾಲ್ಕು ತಿಂಗಳು ಕಚೇರಿಗೆ ಅಲೆದು, ಕನ್ನಡ ಬಲ್ಲವರನ್ನು ಹಾಕಿಸಿದ್ದು ಆ ವಾರ್ಡಿನ ಸದಸ್ಯೆ. ಅವರಿಗೆ ಫೇಸ್‌ಬುಕ್ ಖಾತೆಯೂ ಇರಲಿಲ್ಲ. ಇಬ್ಬರೂ ಬೇಕಾಗಿದ್ದರು. ಆದರೆ ಪ್ರತಿನಿಧಿಯ ಕೆಲಸ ಮಾಡಿದವರು ಆ ತಾಯಿಯೇ.

ನಮಗೆ ಯಾಕೆ ಮುಖ್ಯ

ನಾವು ಎಲ್ಲ ಕಡೆ ಸಣ್ಣ ಸಂಖ್ಯೆಯವರು, ಹಾಗಾಗಿ ಒಂದೊಂದು ಓಟಿಗೂ ಬೆಲೆ ಇದೆ. ಮಂಜೇಶ್ವರದಲ್ಲಿ 2016ರ ಗೆಲುವಿನ ಅಂತರ 89 ಓಟು, 2021ರಲ್ಲಿ 745. ಇಂಥ ಕಡೆ ಒಂದು ಹೆಸರಾಂತ ಮುಖ ಕೆಲವು ನೂರು ಓಟು ಎಳೆದರೂ ಫಲಿತಾಂಶ ತಿರುಗಬಹುದು. ಆದ್ದರಿಂದ ತಮಾಷೆಗೆಂದು ಓಟು ಹಾಕುವ ಸೌಕರ್ಯ ನಮಗಿಲ್ಲ.

ಅದೇ ಮಂಜೇಶ್ವರದಿಂದ 1960ರಲ್ಲೂ 1967ರಲ್ಲೂ ಕಳ್ಳಿಗೆ ಮಹಾಬಲ ಭಂಡಾರಿಯವರು ಕೇರಳ ವಿಧಾನಸಭೆಗೆ ಆರಿಸಿ ಹೋದರು. ಆಗ ಫೋನೂ ಇರಲಿಲ್ಲ, ರೀಲೂ ಇರಲಿಲ್ಲ. ಕಾಸರಗೋಡಿನ ಕನ್ನಡಿಗರ ಪರವಾಗಿ ನಿಂತವರು ಎಂಬ ಗುರುತೇ ಅವರ ಪ್ರಚಾರ.

ಹೆಸರಾಂತ ಅಭ್ಯರ್ಥಿ ಬಂದರೆ ಕೇಳಬೇಕಾದ್ದು

1. ಅಫಿಡವಿಟ್ ಓದಿದಿರಾ? ಪ್ರತಿಯೊಬ್ಬ ಅಭ್ಯರ್ಥಿ ನಮೂನೆ 26ರಲ್ಲಿ ಆಸ್ತಿ, ಸಾಲ, ವಿದ್ಯಾಭ್ಯಾಸ, ಕ್ರಿಮಿನಲ್ ಪ್ರಕರಣಗಳ ಜೊತೆಗೆ ಸೋಷಿಯಲ್ ಮೀಡಿಯಾ ಖಾತೆಗಳ ವಿವರವನ್ನೂ ಕೊಡಬೇಕು. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

2. ವಿಡಿಯೊಗಳಿಗೆ ದುಡ್ಡು ಎಲ್ಲಿಂದ? ಸೋಷಿಯಲ್ ಮೀಡಿಯಾ ಪ್ರಚಾರದ ಖರ್ಚೂ ಚುನಾವಣಾ ವೆಚ್ಚದ ಲೆಕ್ಕಕ್ಕೆ ಬರಬೇಕೆಂದು ಆಯೋಗ 2013ರಲ್ಲೇ ಹೇಳಿದೆ.

3. ಚುನಾವಣೆ ಇಲ್ಲದ ವರ್ಷಗಳಲ್ಲಿ ನಮ್ಮೂರಲ್ಲಿ ಏನು ಮಾಡಿದ್ದಾರೆ? ಕ್ಯಾಮೆರಾ ಇಲ್ಲದಾಗ ಮಾಡಿದ ಕೆಲಸ ಒಂದಾದರೂ ಇದೆಯೇ?

4. ನಮ್ಮ ವಿಷಯ ಗೊತ್ತೇ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯದ ಬಗ್ಗೆ ಸಂವಿಧಾನದ 350ಎ ವಿಧಿ ಏನು ಹೇಳುತ್ತದೆ ಎಂದು ಕೇಳಿ. ಗೊತ್ತಿಲ್ಲದಿದ್ದರೆ ತಪ್ಪಲ್ಲ. ಮುಂದಿನ ಸಲ ಬರುವಾಗ ತಿಳಿದುಕೊಂಡು ಬಂದರೋ ಇಲ್ಲವೋ ಎಂಬುದನ್ನು ನೋಡಿ.

5. ಬೈಗುಳ ಬಿಟ್ಟು ಮಾತಾಡಲು ಬರುತ್ತದೆಯೇ? ಕಿಡಿ ಹಾರಿಸಿದರೆ ವಿಡಿಯೊ ಓಡುತ್ತದೆ. ನಾವು ಮಾತ್ರ ಮಲಯಾಳ, ತಮಿಳು, ಮರಾಠಿ, ತೆಲುಗು, ಕೊಂಕಣಿ ಮಾತಾಡುವ ನೆರೆಹೊರೆಯ ಜೊತೆ ಮಾರನೆಯ ದಿನವೂ ಬಾಳಬೇಕು.

ಈ ಐದಕ್ಕೂ ಉತ್ತರ ಕೊಡಬಲ್ಲವರು ರೀಲ್ಸ್‌ನವರಾದರೂ ಸರಿ, ರೈತರಾದರೂ ಸರಿ, ನಂಬಬಹುದಾದ ಅಭ್ಯರ್ಥಿಯೇ. ಉತ್ತರ ಕೊಡದವರು ಮೂವತ್ತು ವರ್ಷ ರಾಜಕೀಯದಲ್ಲಿ ಪಳಗಿದ್ದರೂ ನಂಬಿಕೆಗೆ ಅರ್ಹರಲ್ಲ.

ಪ್ರಶ್ನೆ ಕೇಳಿದ ಆ ಯುವ ಸದಸ್ಯರಲ್ಲಿ ಒಂದು ವಿನಂತಿ. ವಿಡಿಯೊ ಮಾಡುವ ನಿಮ್ಮ ಗೆಳೆಯರನ್ನು ಮುಂದಿನ ಸಭೆಗೆ ಕರೆತನ್ನಿ. ಸಂಘದ ಮನವಿಗಳ ಕಡತ ತೆಗೆದಿಟ್ಟಿರುತ್ತೇವೆ. ಒಂದು ಮನವಿಯ ಹಿಂದೆ ಆರು ತಿಂಗಳು ಓಡಾಡಿ ನೋಡಲಿ. ಆಮೇಲೆ ಚುನಾವಣೆಗೆ ನಿಲ್ಲುವ ಮನಸ್ಸಾದರೆ ಸೂಚಕರಾಗಿ ಸಹಿ ಹಾಕಲು ಊರಲ್ಲಿ ಹತ್ತು ಜನ ತಾವಾಗಿಯೇ ಮುಂದೆ ಬರುತ್ತಾರೆ.

ಇಂತು,
ಕಾರ್ಯದರ್ಶಿ