ಮೊದಲ ಪಾಠ ಬೀಳುವುದು

ಗರಡಿಯ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಸೋಲು. ಬ್ರೆಜಿಲ್‌ನಲ್ಲಿ ಬೆಳೆದ ಜಿಯು ಜಿಟ್ಸುವಿನಲ್ಲಿ ಹಾಗಲ್ಲ. ಅಲ್ಲಿ ನಿಂತವನನ್ನು ಕೆಡವಿದರೆ ಸಿಗುವುದು 2 ಅಂಕ. ಬೆನ್ನೇರಿ ಕಾಲು ಸಿಕ್ಕಿಸಿ ಹಿಡಿದರೆ 4. ಕತ್ತು ಅಮುಕಿಯೋ ಕೀಲು ತಿರುಚಿಯೋ ಶರಣಾಗಿಸಿದರೆ ಅಂಕಗಳ ಲೆಕ್ಕವೇ ಬೇಡ. ಹೀಗಾಗಿ ಕೆಡವುವ ಗೋಜಿಗೇ ಹೋಗದೆ ತಾವಾಗಿಯೇ ನೆಲಕ್ಕೆ ಕುಳಿತುಬಿಡುವ ಸ್ಪರ್ಧಿಗಳುಂಟು! ಅನೇಕ ತರಗತಿಗಳಲ್ಲಿ ಅಭ್ಯಾಸದ ಸೆಣಸಾಟ ಆರಂಭವಾಗುವುದೂ ಮಂಡಿಯೂರಿಯೇ.

ವಿಚಿತ್ರವೆಂದರೆ, ಕಾರ್ಲೋಸ್ ಗ್ರೇಸಿಗೆ ಈ ವಿದ್ಯೆ ಕಲಿಸಿದವರೆಂದು ಹೆಸರಾದ ಮಿತ್ಸುಯೊ ಮಯೆದಾ ಬಂದದ್ದು ಎಸೆತಗಳಿಗೆ ಖ್ಯಾತವಾದ ಟೋಕಿಯೋದ ಕೊಡೋಕನ್ ಶಾಲೆಯಿಂದ. ಅದನ್ನು 1882ರಲ್ಲಿ ಸ್ಥಾಪಿಸಿದ ಜಿಗೊರೊ ಕಾನೊ ಹಳೆಯ ಜುಜುತ್ಸು ಪಂಥಗಳಲ್ಲಿ ಕಲಿತು ಜುಡೋ ರೂಪಿಸಿದವರು. ಗುರು ಇಕುಬೊ ಅವರ ಕೈಯಲ್ಲಿ ಸದಾ ಬೀಳುತ್ತಿದ್ದ ಕಾನೊ, ಒಂದು ದಿನ ತಾವೇ ಗುರುವನ್ನು ಕೆಡವಿದ್ದನ್ನು ಬರೆದುಕೊಂಡಿದ್ದಾರೆ. ಅಂದು ಅವರಿಗೆ ಕೈಗೂಡಿದ ಗುಟ್ಟು ಒಂದೇ: ಪಟ್ಟು ಹಾಕುವ ಮೊದಲು ಎದುರಾಳಿಯ ಸಮತೋಲ ತಪ್ಪಿಸುವುದು. ಜಪಾನೀ ಭಾಷೆಯಲ್ಲಿ ಅದಕ್ಕೆ ‘ಕುಝುಶಿ’ ಎನ್ನುತ್ತಾರೆ.

ಆದರೆ ಇನ್ನೊಬ್ಬನ ಸಮತೋಲ ಕೆಡಿಸಲು ಹೊರಟವನು ತನ್ನದನ್ನೂ ಪಣಕ್ಕಿಡಬೇಕಾಗುತ್ತದೆ. ‘ಒಸೊತೊ ಗಾರಿ’ ಎಂಬ ಎಸೆತವನ್ನೇ ನೋಡಿ. ಎದುರಾಳಿಯ ಭಾರವನ್ನೆಲ್ಲ ಒಂದು ಹಿಮ್ಮಡಿಯ ಮೇಲೆ ತಂದು, ಆ ಕಾಲನ್ನು ಹಿಂದಿನಿಂದ ಪೈರು ಕೊಯ್ದಂತೆ ಬಾರಿಸಬೇಕು. ಹಾಗೆ ಬಾರಿಸುವವನು ಆ ಗಳಿಗೆಯಲ್ಲಿ ನಿಂತಿರುವುದು ಒಂಟಿ ಕಾಲಿನಲ್ಲಿ. ಎಳೆತ ಸಾಲದೆ ಎದುರಾಳಿ ನೆಟ್ಟಗೆ ಉಳಿದನೋ, ಅದೇ ಎಸೆತವನ್ನು ತಿರುಗಿಸಿ ಹಾಕುತ್ತಾನೆ. ಈ ಮರುಪಟ್ಟಿಗೆ ‘ಒಸೊತೊ ಗಾಯೆಶಿ’ ಎಂದು ಹೆಸರು. ಪಟ್ಟು ಒಂದು ದಿನ, ಮರುಪಟ್ಟು ಇನ್ನೊಂದು ದಿನ ಎಂದು ಬೇರ್ಪಡಿಸಿ ಕಲಿಸಿದರೆ ಎರಡೂ ಅರ್ಧಂಬರ್ಧ.

ಬಗ್ಗಿ ನುಗ್ಗಿ ಎರಡೂ ಕಾಲು ಹಿಡಿದು ಕೆಡವುವ ಪಟ್ಟಿನ ಕತೆ ಬೇರೆ. ಜುಡೋ ಸ್ಪರ್ಧೆಗಳಲ್ಲಿ ಇದನ್ನು 2010ರಲ್ಲಿ ನಿರ್ಬಂಧಿಸಿ, 2013ರಲ್ಲಿ ಪೂರ್ತಿ ನಿಷೇಧಿಸಲಾಯಿತು. ಜಿಯು ಜಿಟ್ಸುವಿನಲ್ಲಿ ಅದು ಉಳಿದಿದೆ. ಉತ್ತರವೂ ಉಂಟು: ಕಾಲುಗಳನ್ನು ಸರಕ್ಕನೆ ಹಿಂದಕ್ಕೆ ಚಿಮ್ಮಿಸಿ, ಸೊಂಟದ ಭಾರವನ್ನೆಲ್ಲ ನುಗ್ಗಿ ಬಂದವನ ಮೇಲೆ ಹಾಕುವುದು. ತಲೆ ತಗ್ಗಿಸಿ ಬಂದವನ ಕತ್ತು ಕಂಕುಳಿಗೆ ಸಿಕ್ಕರಂತೂ ಪಂದ್ಯವೇ ಮುಗಿದುಹೋಗಬಹುದು.

ಇದೆಲ್ಲಕ್ಕೂ ಮುಂಚಿನ ಪಾಠ ಬೀಳುವುದು. ಗಲ್ಲವನ್ನು ಎದೆಗೊತ್ತಿ, ಬೆನ್ನನ್ನು ಗುಂಡಗೆ ಮಾಡಿ, ಚಾಚಿದ ತೋಳಿನಿಂದ ಚಾಪೆಯನ್ನು ಬಡಿಯಬೇಕು. ಬೀಳುವಾಗ ಕೈಯೂರಿ ತಡೆಯುವುದು ಮನುಷ್ಯನ ಸಹಜ ಗುಣ. ಮಣಿಕಟ್ಟು, ಮೊಣಕೈಗಳಿಗೆ ಪೆಟ್ಟಾಗುವುದೂ ಹಾಗೆಯೇ. ಬೇಸರ ತರಿಸುವ ಈ ಅಭ್ಯಾಸವನ್ನು ಹೊಸಬರು ತಪ್ಪಿಸಿಕೊಳ್ಳಲು ನೋಡುತ್ತಾರೆ.

ಬೀಳುವುದನ್ನು ಬಲ್ಲವನನ್ನೂ ಕಾಪಾಡದ ಪಟ್ಟುಗಳಿವೆ. 1980ರ ಅಖಿಲ ಜಪಾನ್ ಜುಡೋ ಪಂದ್ಯದಲ್ಲಿ ಸುಮಿಯೊ ಎಂಡೊ, ಎದುರಾಳಿಯ ಕಾಲುಗಳನ್ನು ತನ್ನೆರಡು ಕಾಲುಗಳ ಕತ್ತರಿಯಲ್ಲಿ ಸಿಕ್ಕಿಸುವ ‘ಕಾನಿ ಬಸಾಮಿ’ ಹಾಕಿದಾಗ ಮುರಿದದ್ದು ಯಸುಹಿರೊ ಯಮಶಿತಾ ಅವರ ಕಾಲಿನ ಮೂಳೆ. ಯಮಶಿತಾ ಆಗ ಜಪಾನಿನ ಅಗ್ರಗಣ್ಯ ಜುಡೋ ಪಟು. ಆ ಪಟ್ಟು ಮುಂದೆ ಜುಡೋದಲ್ಲಿ ನಿಷಿದ್ಧವಾಯಿತು. ಜಿಯು ಜಿಟ್ಸುವಿನ ಪ್ರಮುಖ ನಿಯಮಾವಳಿಯೂ ಅದನ್ನು ಒಪ್ಪುವುದಿಲ್ಲ.