ಹಳೆಯ ಚಲಚ್ಚಿತ್ರವೂ ಹೊಸ ತಟ್ಟೆಯೂ

ಕೊಕ್ಕರ್ಣೆಯ ಸುತ್ತಿನ ಊರುಗಳಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಪುಸ್ತಕದ ರಟ್ಟಿಗೆ ಬೂಷ್ಟು ಹತ್ತುವುದನ್ನು ಕಾಣದ ಮನೆಯಿಲ್ಲ. ಗೋಡೆಯ ಮೇಲಿನ ಭಾವಚಿತ್ರಕ್ಕೂ ಅದೇ ಗತಿ. ಅಜ್ಜನ ಮುಖದ ಮೇಲೆ ಮೂಡಿದ ಬಿಳಿಯ ಕಲೆಯನ್ನು ಒರಸಹೋದರೆ ಕಲೆಯೊಡನೆ ಮುಖವೂ ಅಳಿಸಿಬರುತ್ತದೆ. ಒಂದು ಭಾವಚಿತ್ರಕ್ಕೆ ಒದಗುವ ಈ ಅವಸ್ಥೆಯು ಚಲಚ್ಚಿತ್ರಕ್ಕೆ ಒದಗಿದರೆ ಏನಾದೀತು? ಸೆಕೆಂಡಿಗೆ ೨೪ರಂತೆ ಓಡುವ ಎರಡೂವರೆ ಗಂಟೆಯ ಚಲಚ್ಚಿತ್ರವೆಂದರೆ ೨,೧೬,೦೦೦ ಭಾವಚಿತ್ರಗಳ ಸರಮಾಲೆಯೇ ಸರಿ.

ಇಂದು ನಮ್ಮ ಮನೆಗಳಿಗೆ ದೊಡ್ಡ ಪರದೆಯ ದೂರದರ್ಶನ ಯಂತ್ರಗಳು ಬಂದಿವೆ. ಅವುಗಳಲ್ಲಿ ಹೊಸ ಚಿತ್ರಗಳು ಕನ್ನಡಿಯಷ್ಟು ನಿಚ್ಚಳವಾಗಿ ಕಾಣುತ್ತವೆ. ಹಳೆಯ ಕನ್ನಡ ಚಿತ್ರಗಳು ಮಾತ್ರ ಮಂಜು ಕವಿದಂತೆ ತೋರುತ್ತವೆ. ಹಳೆಯ ಕಾಲದ ಕ್ಯಾಮರಾವೇ ಅಷ್ಟು, ಹೊಸ ಯಂತ್ರ ಬಂದು ಮಾಡುವುದೇನು ಎಂದು ಹಲವರು ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜ? ಇದನ್ನು ಇಲ್ಲಿ ಸ್ವಲ್ಪ ವಿಚಾರಿಸಿ ನೋಡೋಣ.

ಫಿಲ್ಮಿನ ಸೂಕ್ಷ್ಮತೆ

ಫಿಲ್ಮು ಎಂಬುದು ಪಾರದರ್ಶಕವಾದ ಒಂದು ಪಟ್ಟಿ. ಅದರ ಮೇಲೆ ಜಿಲೆಟಿನ್ ಎಂಬ ಅಂಟಿನ ತೆಳುವಾದ ಲೇಪವಿದ್ದು, ಆ ಲೇಪದಲ್ಲಿ ಬೆಳ್ಳಿಯ ಲವಣದ ಅತಿಸಣ್ಣ ಹರಳುಗಳು ಹುದುಗಿರುತ್ತವೆ. ಬೆಳಕು ಬಿದ್ದ ಹರಳುಗಳು ರಾಸಾಯನಿಕ ದ್ರಾವಣದಲ್ಲಿ ಕಪ್ಪು ಬೆಳ್ಳಿಯ ಕಣಗಳಾಗಿ ಮಾರ್ಪಡುತ್ತವೆ. ಈ ಕಣಗಳ ಗುಂಪೇ ಚಿತ್ರ. ಕಣಗಳು ಸಣ್ಣವಾದಷ್ಟೂ ಚಿತ್ರದಲ್ಲಿ ವಿವರ ಹೆಚ್ಚು.

೩೫ ಮಿಲಿಮೀಟರ್ ಫಿಲ್ಮಿನಲ್ಲಿ ಒಂದೊಂದು ಚಿತ್ರದ ಅಗಲ ಸುಮಾರು ೨೨ ಮಿಲಿಮೀಟರು, ಎತ್ತರ ೧೬ ಮಿಲಿಮೀಟರು. ಒಂದು ಮಿಲಿಮೀಟರಿನೊಳಗೆ ೮೦ ಜೊತೆ ಕಪ್ಪು ಬಿಳಿ ಗೆರೆಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲ ಒಂದು ನೆಗೆಟಿವನ್ನು ಉದಾಹರಣೆಗಾಗಿ ಎತ್ತಿಕೊಳ್ಳೋಣ. ಒಂದು ಜೊತೆಗೆ ಎರಡು ಬಿಂದುಗಳಂತೆ ಮಿಲಿಮೀಟರಿಗೆ ೧೬೦ ಬಿಂದುಗಳಾದವು. ಅಗಲಕ್ಕೆ ಒಟ್ಟು ೩,೫೨೦. ಇದನ್ನು ಮನೆಯ ಸಾಧನಗಳೊಡನೆ ಹೋಲಿಸಿರಿ. ಹಿಂದಿನ ವೀಡಿಯೋ ಕ್ಯಾಸೆಟ್ಟಿನಲ್ಲಿ ಅಡ್ಡಲಾಗಿ ತೋರುತ್ತಿದ್ದುದು ಮುನ್ನೂರರ ಆಸುಪಾಸಿನ ಬಿಂದುಗಳು ಮಾತ್ರ. ಡಿವಿಡಿ ತಟ್ಟೆಯಲ್ಲಿ ೭೨೦; ಬ್ಲೂ-ರೇ ತಟ್ಟೆಯಲ್ಲಿ ೧,೯೨೦; 'ನಾಲ್ಕು ಕೆ' ಎಂದು ಹೆಸರಾದ ಪದ್ಧತಿಯಲ್ಲಿ ೩,೮೪೦.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಐವತ್ತು ವರ್ಷಗಳ ಹಿಂದಿನ ಒಳ್ಳೆಯ ನೆಗೆಟಿವಿನಲ್ಲಿ ಅಡಗಿರುವ ವಿವರವನ್ನೆಲ್ಲ ಮನೆಗೆ ತರಲು ಕ್ಯಾಸೆಟ್ಟಿಗೂ ಡಿವಿಡಿಗೂ ಶಕ್ತಿಯಿರಲಿಲ್ಲ. ಆ ಶಕ್ತಿ ಬಂದುದು ಈಚೆಗೆ. ಮಂಜು ಇದ್ದುದು ಚಿತ್ರದಲ್ಲಲ್ಲ, ಅದು ನಮ್ಮಲ್ಲಿಗೆ ಬಂದ ದಾರಿಯಲ್ಲಿ. ಇದಕ್ಕೆ ವಿರುದ್ಧವಾಗಿ, ೧೯೯೦ರ ಸುಮಾರಿಗೆ ಕ್ಯಾಸೆಟ್ಟಿನ ಮೇಲೆಯೇ ತೆಗೆದ ಮದುವೆಯ ಚಿತ್ರವನ್ನು ಎಂಥ ಯಂತ್ರಕ್ಕೆ ಹಾಕಿದರೂ ಆ ಮುನ್ನೂರು ಬಿಂದುಗಳಿಗಿಂತ ಹೆಚ್ಚಿನ ನಿಜವಾದ ವಿವರ ಹೊರಡದು.

ತಟ್ಟೆಯ ರಹಸ್ಯ

ತಟ್ಟೆಯೊಂದರಲ್ಲಿ ಇಷ್ಟೊಂದು ವಿವರ ಹಿಡಿಸುವುದು ಹೇಗೆ? ತಟ್ಟೆಯ ಮೇಲಿನ ಸಣ್ಣ ಗುಳಿಗಳನ್ನು ಓದುವುದು ಲೇಸರ್ ಬೆಳಕಿನ ಒಂದು ಚುಕ್ಕೆ. ಬೆಳಕು ಅಲೆಯಾದ್ದರಿಂದ ಅದನ್ನು ಎಂಥ ಮಸೂರದಿಂದಲೂ ಗಣಿತದ ಬಿಂದುವಾಗಿ ಕೂಡಿಸಲಾಗದು. ಚುಕ್ಕೆಯ ಅಗಲವು ಬೆಳಕಿನ ತರಂಗಾಂತರವನ್ನೂ, ಮಸೂರವು ಎಷ್ಟು ಅಗಲವಾದ ಕೋನದಿಂದ ಬೆಳಕನ್ನು ಕೂಡಿಸುತ್ತದೆಂಬುದನ್ನು ಸೂಚಿಸುವ ಒಂದು ಸಂಖ್ಯೆಯನ್ನೂ ಅವಲಂಬಿಸಿದೆ. ಡಿವಿಡಿಯಲ್ಲಿ ಕೆಂಪು ಬೆಳಕು, ತರಂಗಾಂತರ ೬೫೦ ನ್ಯಾನೋಮೀಟರು, ಮಸೂರದ ಸಂಖ್ಯೆ ೦.೬೦. ಬ್ಲೂ-ರೇಯಲ್ಲಿ ನೇರಳೆ ಬೆಳಕು, ತರಂಗಾಂತರ ೪೦೫ ನ್ಯಾನೋಮೀಟರು, ಮಸೂರದ ಸಂಖ್ಯೆ ೦.೮೫. ತರಂಗಾಂತರವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಮೊದಲನೆಯದಕ್ಕೆ ೧,೦೮೩, ಎರಡನೆಯದಕ್ಕೆ ೪೭೬ ದೊರೆಯುತ್ತದೆ. ಅಂದರೆ ಹೊಸ ಚುಕ್ಕೆಯ ಅಗಲ ಹಳೆಯದರ ಅರ್ಧಕ್ಕಿಂತಲೂ ಕಡಿಮೆ; ವಿಸ್ತೀರ್ಣದಲ್ಲಿ ಐದನೆಯ ಒಂದು ಪಾಲಿಗೂ ತುಸು ಕಡಿಮೆ. ಒಂದು ಪದರದ ಡಿವಿಡಿ ೪.೭ ಗಿಗಾಬೈಟನ್ನು ಹಿಡಿದರೆ, ಅಷ್ಟೇ ದೊಡ್ಡ ಬ್ಲೂ-ರೇ ತಟ್ಟೆಯ ಒಂದು ಪದರ ೨೫ ಗಿಗಾಬೈಟನ್ನು ಹಿಡಿಯುವುದರ ಮರ್ಮ ಇದೇ.

ಆದರೂ ಇದು ಸಾಲದು. ೧,೯೨೦ಕ್ಕೆ ೧,೦೮೦ರಂತೆ ಒಂದು ಚಿತ್ರದಲ್ಲಿ ೨೦ ಲಕ್ಷಕ್ಕೂ ಮಿಕ್ಕಿದ ಬಿಂದುಗಳಿವೆ. ಬಿಂದುವಿಗೆ ಮೂರು ಬೈಟಿನಂತೆ ಎರಡೂವರೆ ಗಂಟೆಯ ಚಿತ್ರವನ್ನು ಹಾಗೆಯೇ ಬರೆದಿಡಬೇಕಾದರೆ ೧,೩೪೪ ಗಿಗಾಬೈಟು ಬೇಕು. ಎರಡು ಪದರದ ತಟ್ಟೆ ಹಿಡಿಯುವುದು ೫೦. ಆದ್ದರಿಂದ ಸಂಕೋಚನ ಅನಿವಾರ್ಯ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಬದಲಾಗದೆ ಉಳಿದ ಭಾಗವನ್ನು ಮತ್ತೆ ಬರೆಯದೆ, ಬದಲಾದುದನ್ನಷ್ಟೇ ಬರೆಯುವುದು ಇದರ ಮುಖ್ಯ ಉಪಾಯ.

ಹಳೆಯ ಚಿತ್ರಗಳಿಗೆ ತೊಡಕು ಬರುವುದು ಇಲ್ಲಿಯೇ. ಫಿಲ್ಮಿನ ಬೆಳ್ಳಿಯ ಕಣಗಳು ಪ್ರತಿಯೊಂದು ಚಿತ್ರದಲ್ಲಿಯೂ ಬೇರೆಬೇರೆ ಜಾಗದಲ್ಲಿರುತ್ತವೆ, ಅವುಗಳಿಗೆ ಕ್ರಮವೆಂಬುದಿಲ್ಲ. ಕ್ರಮವಿಲ್ಲದುದನ್ನು ಮುಂದಾಗಿ ಊಹಿಸಲಾಗದು, ಊಹಿಸಲಾಗದುದನ್ನು ಸಂಕೋಚಿಸುವುದು ಕಷ್ಟ. ಅಂತರ್ಜಾಲದ ಮೂಲಕ ಚಿತ್ರವನ್ನು ಕಳುಹಿಸುವಾಗ ಸ್ಥಳವನ್ನು ಉಳಿಸಲೆಂದು ಈ ಕಣಗಳನ್ನು ಸವರಿಬಿಟ್ಟರೆ, ನಟನ ಮುಖ ಮೇಣದ ಬೊಂಬೆಯಂತಾಗುತ್ತದೆ. ಬ್ಲೂ-ರೇ ತಟ್ಟೆಯಾದರೋ ಚಿತ್ರಕ್ಕೆ ಸೆಕೆಂಡಿಗೆ ೪೦ ಮೆಗಾಬಿಟ್‌ಗಳವರೆಗೆ ಕೊಡಬಲ್ಲುದಾದ್ದರಿಂದ ಕಣಗಳನ್ನು ಉಳಿಸಿಕೊಳ್ಳಬಲ್ಲುದು. ಹಳೆಯ ಚಿತ್ರಗಳ ಅಭಿಮಾನಿಗಳು ಈಗಲೂ ತಟ್ಟೆಯನ್ನೇ ಬಯಸುವುದು ನಿಷ್ಕಾರಣವಾಗಿಯಲ್ಲ.

ಮೂಲ ಎಲ್ಲಿದೆ?

ಇಷ್ಟೆಲ್ಲ ಇದ್ದರೂ ತಟ್ಟೆಯು ಒಂದು ಪಾತ್ರೆ ಮಾತ್ರ. ಬಾವಿಯಲ್ಲಿ ನೀರಿಲ್ಲದೆ ಕೊಡ ದೊಡ್ಡದಾಗಿ ಫಲವೇನು? ಕ್ಯಾಮರಾದೊಳಗೆ ಓಡಿದ ಮೂಲ ನೆಗೆಟಿವಿನಿಂದ ಒಂದು ಪಾಸಿಟಿವ್, ಅದರಿಂದ ಇನ್ನೊಂದು ನೆಗೆಟಿವ್, ಅದರಿಂದ ಚಿತ್ರಮಂದಿರದ ಪ್ರತಿ, ಹೀಗೆ ಮೂರು ಸಲ ನಕಲಾಗುವುದುಂಟು. ಪ್ರತಿಸಲವೂ ಸೂಕ್ಷ್ಮ ವಿವರದಲ್ಲಿ ನೂರಕ್ಕೆ ೮೦ ಪಾಲು ಉಳಿಯಿತೆಂದಿಟ್ಟುಕೊಂಡರೂ ಕೊನೆಗೆ ಉಳಿಯುವುದು ನೂರಕ್ಕೆ ೫೧. ಅದರ ಮೇಲೆ ಊರೂರು ಅಲೆದ ಪ್ರತಿಗೆ ಗೀರುಗಳೂ ಬಿದ್ದಿರುತ್ತವೆ. ಆದುದರಿಂದ ಹೊಸ ತಟ್ಟೆಗೆ ಯೋಗ್ಯವಾದುದು ಮೂಲ ನೆಗೆಟಿವು.

ಆ ಮೂಲಕ್ಕೆ ಶತ್ರುಗಳು ಹಲವು. ೧೯೫೦ರ ಹೊತ್ತಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮಿಗೆ ಬೆಂಕಿ ಶತ್ರು. ಒಮ್ಮೆ ಹೊತ್ತಿಕೊಂಡರೆ ನೀರಿನಿಂದಲೂ ಅದು ಆರದು. ಅನಂತರ ಬಂದ ಅಸಿಟೇಟ್ ಫಿಲ್ಮಿಗೆ ತೇವವೇ ಶತ್ರು. ಗಾಳಿಯ ನೀರಿನಂಶವು ಸೆಲ್ಯುಲೋಸ್ ಅಸಿಟೇಟನ್ನು ಒಡೆದು ಅಸೆಟಿಕ್ ಆಮ್ಲವನ್ನು ಹೊರಡಿಸುತ್ತದೆ. ಇದು ವಿನಿಗರಿನಲ್ಲಿರುವ ಹುಳಿಯೇ. ಹೊರಟ ಆಮ್ಲವು ಅದೇ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಆಮ್ಲ ಹೊರಹೋಗಲಾರದೆ ಫಿಲ್ಮು ಕುಗ್ಗಿ, ಸುರುಟಿ, ಕೊನೆಗೆ ಲೇಪವೇ ಕಳಚಿಕೊಳ್ಳುತ್ತದೆ. ೨೧ ಡಿಗ್ರಿ ಸೆಲ್ಸಿಯಸ್ ಉಷ್ಣತೆ, ನೂರಕ್ಕೆ ೫೦ರ ಆರ್ದ್ರತೆ ಇದ್ದಲ್ಲಿ ಈ ರೋಗ ತಲೆದೋರಲು ಸುಮಾರು ೪೦ ವರ್ಷಗಳು ಹಿಡಿಯುತ್ತವೆಂದು ಲೆಕ್ಕ. ನಮ್ಮ ಕರಾವಳಿಯ ಸೆಕೆ ತೇವಗಳಲ್ಲಿ ಅಷ್ಟು ಕಾಲವೂ ಬೇಕಾಗದು.

ನಾವು ಕಳೆದುಕೊಂಡುದು ಅಲ್ಪವಲ್ಲ. ೧೯೩೪ರ ಮಾರ್ಚಿ ೩ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ಕನ್ನಡದ ಮೊತ್ತಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ದೊರೆತಿಲ್ಲ. ಅದಕ್ಕೆ ಯಾವ ತಟ್ಟೆಯೂ ಪ್ರಯೋಜನವಿಲ್ಲ.

ಆದರೆ ಮೂಲ ಉಳಿದಲ್ಲಿ ಏನಾಗಬಹುದೆಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವಿದೆ. ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದ 'ಘಟಶ್ರಾದ್ಧ'ದ ಮೂಲ ನೆಗೆಟಿವು ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರು ಸ್ಥಾಪಿಸಿದ ಸಂಸ್ಥೆಗಳು ಕೂಡಿ ಇಟಲಿಯ ಬೊಲೋನ್ಯಾ ನಗರದ ಪ್ರಯೋಗಶಾಲೆಯಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿಸಿದವು. ೨೦೨೪ರ ವೆನಿಸ್ ಚಲಚ್ಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಯ ಕಥೆ ಇನ್ನೂ ವಿಸ್ಮಯಕರ. ೧೯೯೩ರಲ್ಲಿ ಲಂಡನ್ನಿನಲ್ಲಿ ಬೆಂಕಿಗೆ ಸಿಕ್ಕಿ ಅರೆಬೆಂದಿದ್ದ ಅದರ ನೆಗೆಟಿವನ್ನು ಅದೇ ಬೊಲೋನ್ಯಾದಲ್ಲಿ ಮೆತ್ತಗಾಗಿಸಿ, ಬಿಡಿಸಿ, ಹೊಲಿದು ಸರಿಪಡಿಸಿದರು. ೨೦೧೫ರಲ್ಲಿ ಬ್ಲೂ-ರೇ ತಟ್ಟೆಯಾಗಿ ಹೊರಬಂದ ಚಿತ್ರದಲ್ಲಿ ನೂರಕ್ಕೆ ಸುಮಾರು ೪೦ ಭಾಗ ಆ ಸುಟ್ಟ ನೆಗೆಟಿವಿನಿಂದಲೇ ಬಂದುದು.

ಬಣ್ಣ ಹಚ್ಚುವ ಕೆಲಸವನ್ನು ಜೀರ್ಣೋದ್ಧಾರವೆಂದು ಭ್ರಮಿಸಬಾರದು. ೧೯೬೫ರ 'ಸತ್ಯ ಹರಿಶ್ಚಂದ್ರ'ವನ್ನು ೨೦೦೮ರಲ್ಲಿಯೂ, ೧೯೭೧ರ 'ಕಸ್ತೂರಿ ನಿವಾಸ'ವನ್ನು ೨೦೧೪ರಲ್ಲಿಯೂ ಬಣ್ಣದಲ್ಲಿ ಹೊರತಂದರು. ಅವುಗಳನ್ನು ಹೊಸ ಪೀಳಿಗೆ ನೋಡಿತೆಂಬುದು ಸಂತೋಷವೇ. ಆದರೆ ಬಣ್ಣವೊಂದಕ್ಕೆ ಕೆಂಪು, ಹಸುರು, ನೀಲಿ ಎಂಬ ಮೂರು ಅಳತೆಗಳು ಬೇಕು. ಕಪ್ಪು ಬಿಳುಪಿನ ನೆಗೆಟಿವು ಉಳಿಸಿರುವುದು ಒಂದನ್ನೇ. ಒಂದು ಸಮೀಕರಣದಿಂದ ಮೂರು ಅವ್ಯಕ್ತಗಳನ್ನು ಬಿಡಿಸಲಾಗದೆಂಬುದು ಹೈಸ್ಕೂಲು ವಿದ್ಯಾರ್ಥಿಗೂ ಗೊತ್ತು. ಆದ್ದರಿಂದ ಹಚ್ಚಿದ ಬಣ್ಣವು ಊಹೆ. ಜೀರ್ಣೋದ್ಧಾರವಾದರೋ ಇದ್ದುದನ್ನು ಇದ್ದಂತೆ ಹೊರತೆಗೆಯುವುದು.

ಮುಂದೇನು?

ತಟ್ಟೆಗಳ ವ್ಯಾಪಾರ ಈಚೆಗೆ ಇಳಿಮುಖವಾಗಿದೆ. ಅವುಗಳನ್ನು ನುಡಿಸುವ ಯಂತ್ರಗಳ ತಯಾರಿಕೆಯನ್ನು ಕೆಲವು ದೊಡ್ಡ ಕಂಪೆನಿಗಳು ಕೈಬಿಟ್ಟಿವೆ. ನಾಳೆ ಬೇರೊಂದು ಸಾಧನ ಬಂದೀತು. ಅದಕ್ಕಾಗಿ ಚಿಂತಿಸಬೇಕಾಗಿಲ್ಲ. ಮೂಲ ನೆಗೆಟಿವನ್ನು ಒಮ್ಮೆ ಸರಿಯಾಗಿ ಅಂಕರೂಪಕ್ಕಿಳಿಸಿ, ನೆಗೆಟಿವನ್ನೂ ತಣ್ಣಗಿನ ಒಣ ಕೋಣೆಯಲ್ಲಿ ಕಾಪಾಡಿದರೆ, ಮುಂದೆ ಬರುವ ಯಾವ ಪಾತ್ರೆಗಾದರೂ ಅದನ್ನು ತುಂಬಬಹುದು. ನಮಗೆ ಹತ್ತಿರದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು ೧೯೭೫ರಲ್ಲಿ ತೆಗೆದ 'ಚೋಮನ ದುಡಿ'ಯನ್ನು ನಮ್ಮ ಮೊಮ್ಮಕ್ಕಳು ನಿಚ್ಚಳವಾಗಿ ಕಂಡಾರೆ ಎಂಬ ಪ್ರಶ್ನೆಗೆ ಉತ್ತರವಿರುವುದು ಅಂಗಡಿಯಲ್ಲಲ್ಲ, ಡಬ್ಬಿಯಲ್ಲಿ.

ಊರಿನ ಹಳೆಯ ಚಿತ್ರಮಂದಿರದ ಅಟ್ಟದಲ್ಲಿಯೋ, ಯಾರದೋ ಮನೆಯ ಉಗ್ರಾಣದಲ್ಲಿಯೋ ತುಕ್ಕು ಹಿಡಿದ ಫಿಲ್ಮಿನ ಡಬ್ಬಿಯೊಂದು ನಿಮ್ಮ ಕಣ್ಣಿಗೆ ಬಿದ್ದೀತು. ಮುಚ್ಚಳ ತೆಗೆದಾಗ ಹುಳಿ ವಾಸನೆ ಮೂಗಿಗೆ ಹೊಡೆದರೆ ಅದನ್ನು ಗುಜರಿಗೆ ಹಾಕಬೇಡಿರಿ. ಬೆಂಕಿಯಿಂದಲೂ ಬಿಸಿಲಿನಿಂದಲೂ ದೂರವಿರಿಸಿ, ಸುರುಳಿಯನ್ನು ಬಿಚ್ಚದೆ, ೧೯೬೪ರಿಂದ ಈ ಕಾರ್ಯವನ್ನು ಮಾಡುತ್ತಿರುವ ಪುಣೆಯ ಸಂಗ್ರಹಾಲಯಕ್ಕೆ ತಿಳಿಸಿರಿ. ಆ ವಾಸನೆಯ ಅರ್ಥ ಚಿತ್ರ ಸತ್ತಿತೆಂದಲ್ಲ, ಕಾಲ ಕಡಿಮೆಯಿದೆಯೆಂದು. ಒಳಗಿರುವುದು ಯಾವ ಚಿತ್ರವೆಂದು ಬಲ್ಲವರಾರು? ತೊಂಬತ್ತು ವರ್ಷಗಳಿಂದ ಕನ್ನಡಿಗರು ಕಾಣದ ಸುಲೋಚನೆಯ ಮುಖವೇ ಅದಾಗಿರಬಾರದೆಂದೇನೂ ಇಲ್ಲ.